ಶನಿವಾರದ ರಾತ್ರಿಯ ಶಿಲ್ಕು

ಪುಣೆಯ ಹೋಟೆಲುಗಳಲ್ಲಿ ವಾರದ ಏಳು ದಿನಗಳೂ ಒಂದೇ ತೆರನಾಗಿರುವುದಿಲ್ಲ. ಮಂಗಳವಾರ ನೊಣ ಹೊಡೆಯುತ್ತ ಕುಳಿತಿದ್ದ ಗಲ್ಲೆಯವನು ಶನಿವಾರ ಸಂಜೆಯಾಯಿತೆಂದರೆ ತಲೆಯೆತ್ತಿ ನೋಡಲಾರನು. ಫರ್ಗ್ಯುಸನ್ ಕಾಲೇಜು ರಸ್ತೆಯಿಂದ ಲಕ್ಷ್ಮೀ ರಸ್ತೆಯವರೆಗೆ, ಸ್ವಾರಗೇಟಿನಿಂದ ಪಿಂಪ್ರಿ ಚಿಂಚವಡದವರೆಗೆ, ದೋಸೆಯ ಕಾವಲಿಗೆ ಅಂದು ಬಿಡುವೆಂಬುದಿಲ್ಲ. ಆದರೆ ವಿಧಿಯ ವಿನೋದವನ್ನು ನೋಡಿರಿ: ಗಲ್ಲೆ ತುಂಬುವ ಹೊತ್ತಿಗೆ ಸರಿಯಾಗಿ ಬ್ಯಾಂಕಿನ ಬಾಗಿಲು ಮುಚ್ಚಿರುತ್ತದೆ. 2015ರ ಸೆಪ್ಟೆಂಬರ್ 1ರಿಂದ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳು ಬ್ಯಾಂಕುಗಳಿಗೆ ರಜೆಯ ದಿನಗಳಾದವು. ಅದಕ್ಕೆ ಭಾನುವಾರವು ಕೂಡಿಕೊಂಡು, ಸೋಮವಾರ ಹಬ್ಬವೊಂದು ಒದಗಿತೆಂದರೆ, ಶುಕ್ರವಾರದ ಸಂಜೆಯಿಂದ ಮಂಗಳವಾರದ ಬೆಳಗಿನವರೆಗೆ ಹಣವು ಎಲ್ಲಿಯಾದರೂ ಇರಬೇಕಷ್ಟೆ. ಆ ‘ಎಲ್ಲಿಯಾದರೂ’ ಎಂಬುದರ ಬಗೆಗೆ ನಮ್ಮ ಬಾಂಧವರಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಬಹುದಿನಗಳಿಂದ ಎಣಿಸಿದ್ದೆವು.

ಈಗ ರೊಕ್ಕವನ್ನು ಯಾರು ಕೈಯಲ್ಲಿಟ್ಟುಕೊಳ್ಳುತ್ತಾರೆ, ಎಲ್ಲವೂ ಮೊಬೈಲಿನಲ್ಲಿಯೇ ನಡೆಯುತ್ತದೆಯಲ್ಲ ಎಂದು ಕೆಲವರು ಕೇಳಬಹುದು. 2016ರಲ್ಲಿ ಯುಪಿಐ ಬಂದ ಮೇಲೆ ಗಲ್ಲೆಯ ಭಾರ ಇಳಿದುದು ನಿಜವೆ. ಆದರೂ ಟಿಪ್ಸಿನ ಚಿಲ್ಲರೆ, ಕೈಗೆ ಬರುವ ಪಗಾರ, ತರಕಾರಿ ಹಾಲುಗಳವರಿಗೆ ಕೊಡಲೆಂದು ತೆಗೆದಿಟ್ಟ ಮೊತ್ತ, ಭಿಶಿಯ ಹಣ, ಸಂಘದ ವರ್ಗಣಿ, ಇವೆಲ್ಲ ಇನ್ನೂ ನೋಟುಗಳಾಗಿಯೇ ನಮ್ಮ ಖೋಲಿಗಳನ್ನು ಹೊಗುತ್ತಿವೆ.

ನಾವು ಬಲ್ಲ ಪ್ರಸಂಗವೊಂದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆವು. ಕುಂದಾಪುರದ ಕಡೆಯ ತರುಣನೊಬ್ಬನು ಪುಣೆಯ ಹೋಟೆಲೊಂದರಲ್ಲಿ ಸಪ್ಲೈಯರನಾಗಿದ್ದನು. ಆರು ಮಂದಿಗೆ ಒಂದೇ ಖೋಲಿ. ತಂಗಿಯ ಮದುವೆಗೆಂದು ಐದು ವಾರಗಳಲ್ಲಿ ಕೂಡಿದ 23,000 ರೂ. ಅವನ ತಗಡಿನ ಟ್ರಂಕಿನಲ್ಲಿತ್ತು. ಅವನು ಸೋಮಾರಿಯಾಗಿರಲಿಲ್ಲ. ಮಧ್ಯಾಹ್ನದ ಊಟದ ಸರದಿ ಮುಗಿಸಿ, ಎಲೆಯೆತ್ತಿ, ಮೈಮೇಲೆ ನೀರು ಹಾಕಿಕೊಂಡು ಬ್ಯಾಂಕಿಗೆ ಓಡುವಷ್ಟರಲ್ಲಿ ನಗದು ಕಟಕಟೆ ಮುಚ್ಚಿರುತ್ತಿತ್ತು. ‘ಬರುವ ಸೋಮವಾರ’ ಎಂದು ಐದು ಸಾರಿ ತಳ್ಳಿದನು. ಒಂದು ಭಾನುವಾರದ ರಾತ್ರಿ ಬಂದು ನೋಡುವಾಗ ಬೀಗ ಹಾಕಿದಂತೆಯೇ ಇದ್ದಿತು; ಚಿಲಕದ ಪಟ್ಟಿಯನ್ನು ಹಿಡಿದಿದ್ದ ಎರಡು ತಿರುಪುಗಳು ಮಾತ್ರ ಕೆಳಗೆ ಬಿದ್ದಿದ್ದವು. ಬೇರೆ ಯಾವ ಪೆಟ್ಟಿಗೆಯನ್ನೂ ಯಾರೂ ಮುಟ್ಟಿರಲಿಲ್ಲ.

ಬೇರೆ ಪೆಟ್ಟಿಗೆಯನ್ನು ಮುಟ್ಟಿರಲಿಲ್ಲವೆಂಬುದೇ ಅನರ್ಥಕ್ಕೆ ಮೂಲವಾಯಿತು. ತಿಳಿದವರೇ ಮಾಡಿದ ಕೆಲಸವೆಂದು ಎಲ್ಲರೂ ಅಂದರು. ತಿಳಿದವರೆಂದರೆ ಉಳಿದ ಐವರು. ಪೊಲೀಸರು ಬಂದು ಐವರನ್ನೂ ಕೇಳಿದರು. ಅವರಲ್ಲಿ ಆ ಹುಡುಗನನ್ನು ಊರಿನಿಂದ ಕರೆತಂದು ಕೆಲಸ ಕೊಡಿಸಿದ್ದ ಹಿರಿಯ ಅಡಿಗೆಯವರೂ ಒಬ್ಬರು. ಯಾರೂ ಅವರನ್ನು ಬಾಯಿಬಿಟ್ಟು ಕಳ್ಳನೆನ್ನಲಿಲ್ಲ. ಆದರೆ ಅವರು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಎರಡು ವಾರ ತಾಳಿ, ಮೂರನೆಯ ವಾರ ಲೆಕ್ಕ ಮುಗಿಸಿಕೊಂಡು ಊರಿಗೆ ಹೊರಟುಹೋದರು. ಹಣ ಸಿಗಲಿಲ್ಲ, ಕದ್ದವರಾರೆಂಬುದೂ ತಿಳಿಯಲಿಲ್ಲ. ತುಂಬಿದ ಪೆಟ್ಟಿಗೆಯನ್ನು ಹತ್ತು ಜನರ ನಡುವೆ ಇಡುವವನು ತನ್ನ ಹಣವನ್ನಲ್ಲದೆ ಆ ಹತ್ತು ಜನರ ಮಾನವನ್ನೂ ಪಣಕ್ಕೆ ಇಡುತ್ತಾನೆಂದು ಅಂದಿನಿಂದ ನಮಗೆ ತೋರಿದೆ.

ಹಣವನ್ನು ಬಚ್ಚಿಡುವ ಸ್ಥಳಗಳ ವಿಷಯದಲ್ಲಿ ನಮ್ಮವರ ಕಲ್ಪನೆ ಅಷ್ಟೇನೂ ವಿಶಾಲವಾದುದಲ್ಲ. ಅಕ್ಕಿಯ ಡಬ್ಬಿ, ದೇವರ ಪಟದ ಹಿಂದೆ, ಹಾಸಿಗೆಯ ಕೆಳಗೆ, ಮಡಿಸಿದ ಸೀರೆಯ ಪದರ, ಹೆಚ್ಚೆಂದರೆ ಅಟ್ಟದ ಮೇಲಿನ ಹಿತ್ತಾಳೆಯ ಹಂಡೆ. ನಮಗೆ ಹೊಳೆಯುವುದು ಕಳ್ಳನಿಗೂ ಹೊಳೆಯುತ್ತದೆ. ಅದು ಅವನ ಕಸುಬು. ಇನ್ನು ಕೆಲವರು ಹಳೆಯ ಪತ್ರಿಕೆಗಳ ನಡುವೆ ನೋಟುಗಳನ್ನಿರಿಸಿ ಬುದ್ಧಿವಂತರೆನಿಸಿಕೊಳ್ಳುವುದುಂಟು. ಮನೆಯಾಕೆ ಅದನ್ನರಿಯದೆ ರದ್ದಿಯವನಿಗೆ ತೂಗಿಕೊಟ್ಟಳೆಂದರೆ ಆ ಬುದ್ಧಿವಂತಿಕೆಗೆ ಕಿಲೋ ಲೆಕ್ಕದಲ್ಲಿ ಬೆಲೆ ಬರುವುದು. (ನಮ್ಮ ಪತ್ರಿಕೆಯನ್ನು ಇಂತಹ ಕಾರ್ಯಕ್ಕೆ ಬಳಸದಿರಬೇಕೆಂದು ವಾಚಕರಲ್ಲಿ ವಿನಂತಿ.) ಯಾರಿಗೂ ಹೇಳದೆ ಇಟ್ಟ ಹಣದ್ದು ಇನ್ನೂ ಒಂದು ದೋಷ. ಇಟ್ಟವನು ಆಸ್ಪತ್ರೆ ಸೇರಿದರೆ ಅವನ ಮಕ್ಕಳು ಸಾಲ ಮಾಡಬೇಕಾಗುತ್ತದೆ, ಹಣವೋ ಮನೆಯಲ್ಲಿಯೇ ಇರುತ್ತದೆ.

ಹಾಗೆಂದು ಇಬ್ಬರಿಗೆ ತಿಳಿದರೆ ಭದ್ರವೆಂದೂ ಅಲ್ಲ. ಹನ್ನೊಂದನೆಯ ಶತಮಾನದ ನಮ್ಮ ದುರ್ಗಸಿಂಹನು ತನ್ನ ಪಂಚತಂತ್ರದಲ್ಲಿ ಹೇಳಿದ ಧರ್ಮಬುದ್ಧಿ ದುಷ್ಟಬುದ್ಧಿಯರ ಕಥೆಯನ್ನು ಶಾಲೆಯಲ್ಲಿ ‘ವೃಕ್ಷಸಾಕ್ಷಿ’ ಎಂಬ ಹೆಸರಿನಿಂದ ಓದಿದವರು ನಮ್ಮಲ್ಲಿ ಅನೇಕರಿದ್ದಾರೆ. ಇಬ್ಬರು ಗೆಳೆಯರು ಗಳಿಸಿದ ಹೊನ್ನನ್ನು ಆಲದ ಮರದಡಿಯಲ್ಲಿ ಹೂಳಿಟ್ಟರು. ಒಬ್ಬನು ರಾತ್ರಿ ಬಂದು ಅಗೆದೊಯ್ದನು, ಮರುದಿನ ಇನ್ನೊಬ್ಬನ ಮೇಲೆ ಕಳವಿನ ದೂರು ಹೊರಿಸಿದನು. ಕಥೆಯಲ್ಲಿ ಮರದ ಪೊಟರೆಗೆ ಹೊಗೆ ಹಾಕಿಸಿ ನ್ಯಾಯವನ್ನು ಹೊರಗೆ ತೆಗೆಯಲಾಯಿತು. ಮೇಲೆ ಹೇಳಿದ ಖೋಲಿಯಲ್ಲಿ ಅಂತಹ ಮರವಿರಲಿಲ್ಲ.

ಸೋಜಿಗವೇನೆಂದರೆ, ಈ ಕಷ್ಟಕ್ಕೆ ಒಳ್ಳೆಯ ಉಪಾಯವನ್ನು ಕಂಡುಹಿಡಿದವರು ನಮ್ಮ ಕರಾವಳಿಯವರೇ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಡಾ. ಟಿ.ಎಂ.ಎ. ಪೈಗಳ ಹೆಸರಿನೊಡನೆ ಕೂಡಿಕೊಂಡಿರುವ ಆ ಯೋಜನೆಯಲ್ಲಿ ಬ್ಯಾಂಕಿನ ಪ್ರತಿನಿಧಿಯು ದಿನವೂ ಮನೆಬಾಗಿಲಿಗೆ, ಅಂಗಡಿಯ ಕಟ್ಟೆಗೆ ಬಂದು ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಕೊಂಡೊಯ್ಯುತ್ತಿದ್ದನು. ಬಡವನು ಬ್ಯಾಂಕಿಗೆ ಹೋಗಲಾರನಾದರೆ ಬ್ಯಾಂಕು ಬಡವನಲ್ಲಿಗೆ ಬರಲಿ ಎಂಬುದು ಅದರ ತಿರುಳು. ರಾತ್ರಿಯ ಹೊತ್ತಿಗೆ ಮನೆಯಲ್ಲಿ ಕದಿಯತಕ್ಕ ವಸ್ತುವೇ ಉಳಿಯುತ್ತಿರಲಿಲ್ಲ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಆದರೆ ದಿನಗೂಡಿಕೆಯ ಪದ್ಧತಿಯನ್ನು ಅನೇಕ ಸಹಕಾರಿ ಬ್ಯಾಂಕುಗಳೂ ಪತಸಂಸ್ಥೆಗಳೂ ಮುಂದುವರಿಸಿಕೊಂಡು ಬಂದಿವೆ. ಪ್ರತಿನಿಧಿಯು ಎಷ್ಟೇ ಪರಿಚಿತನಾಗಿರಲಿ, ಹಣ ಕೊಟ್ಟ ಕ್ಷಣದಲ್ಲಿಯೇ ರಶೀದಿಯನ್ನು ಪಡೆಯತಕ್ಕದ್ದು. ‘ನಾಳೆ ಬರೆದುಕೊಡುತ್ತೇನೆ’ ಎಂಬವನಿಗೆ ಹಣವನ್ನೂ ನಾಳೆಯೇ ಕೊಟ್ಟರಾಯಿತು.

ಹೋಟೆಲಿನವರಿಗೆ ಈಗ ಇನ್ನೊಂದು ಅನುಕೂಲವಿದೆ. ಅನೇಕ ಬ್ಯಾಂಕುಗಳು ಎಟಿಎಂ ಕೋಣೆಯಲ್ಲಿಯೇ ಹಣ ಕಟ್ಟುವ ಯಂತ್ರಗಳನ್ನಿಟ್ಟಿವೆ. ಅವು ಭಾನುವಾರವೂ ಕೆಲಸ ಮಾಡುತ್ತವೆ. ಸಾಮಾನ್ಯವಾಗಿ ಒಂದು ಬಾರಿಗೆ 200 ನೋಟುಗಳವರೆಗೆ ಸ್ವೀಕರಿಸುತ್ತವೆ. ಮೇಲೆ ಹೇಳಿದ ತರುಣನ 23,000 ರೂಪಾಯಿಯನ್ನು ಅಂತಹ ಯಂತ್ರವೊಂದು ಐದು ನಿಮಿಷಗಳಲ್ಲಿ ಎಣಿಸಿಕೊಳ್ಳುತ್ತಿತ್ತು. ಅವನಿಗೆ ಅದು ಗೊತ್ತಿರಲಿಲ್ಲ. ತನ್ನ ಖಾತೆ ಊರಿನ ಶಾಖೆಯಲ್ಲಿರುವುದರಿಂದ ಪುಣೆಯಲ್ಲಿ ಕಟ್ಟಲಾಗದೆಂದೂ ಅವನು ತಿಳಿದಿದ್ದನು. ಅದೂ ತಪ್ಪು. ಅದೇ ಬ್ಯಾಂಕಿನ ಯಾವ ಶಾಖೆಯಲ್ಲಿಯೂ ಕಟ್ಟಬಹುದು. ಕೆಲವೆಡೆ ಸ್ವಲ್ಪ ಶುಲ್ಕವಿರಬಹುದು, ಅಷ್ಟೆ. ಖಾತೆಯೇ ಇಲ್ಲದವರಿಗೆ 2014ರ ಆಗಸ್ಟ್ 28ರಂದು ಮೊದಲಾದ ಜನಧನ ಯೋಜನೆಯಲ್ಲಿ ಕನಿಷ್ಠ ಶಿಲ್ಕಿನ ಕಟ್ಟಳೆಯಿಲ್ಲದೆ ಖಾತೆ ದೊರಕಿತು.

ಧಣಿಗಳಲ್ಲಿಯೇ ಪಗಾರವನ್ನು ಬಿಟ್ಟಿಡುವ ಹಳೆಯ ವಾಡಿಕೆಯ ಬಗೆಗೂ ಒಂದು ಮಾತು. ಒಳ್ಳೆಯ ಧಣಿಯು ಒಳ್ಳೆಯ ಬ್ಯಾಂಕಿಗಿಂತ ಕಡಿಮೆಯಲ್ಲವೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದರೆ ಹೋಟೆಲು ಕೈಬದಲಾಗುತ್ತದೆ, ಧಣಿಗೂ ಸಾವಿದೆ, ಧಣಿಯ ಮಕ್ಕಳಿಗೆ ನಿಮ್ಮ ಮುಖ ಗೊತ್ತಿರುವುದಿಲ್ಲ. ಒಂದು ಚಿಕ್ಕ ಪುಸ್ತಕದಲ್ಲಿ ತಿಂಗಳು ತಿಂಗಳು ಮೊತ್ತ ಬರೆಸಿ ಸಹಿ ಹಾಕಿಸಿಕೊಳ್ಳುವುದರಲ್ಲಿ ಅಪನಂಬಿಕೆಯೇನೂ ಇಲ್ಲ. ಸಹಿ ಕೇಳಿದುದಕ್ಕೆ ಸಿಟ್ಟಾಗುವ ಧಣಿಯಲ್ಲಿ ಹಣವಿಡದಿರುವುದು ಲೇಸು.

ಗುಮಾಸ್ತರ ಕಷ್ಟ ಬೇರೆ ಬಗೆಯದು. ಅವರ ಪಗಾರ ನೇರವಾಗಿ ಖಾತೆಗೆ ಬರುತ್ತದೆ. ಆದರೆ ಲೆಕ್ಕ ಬಲ್ಲವರೆಂದು ಸಂಘದ, ಗಣೇಶ ಮಂಡಲದ, ವಸತಿ ಸೊಸೈಟಿಯ ಖಜಾಂಚಿಗಿರಿ ಅವರ ತಲೆಗೇ ಬರುತ್ತದೆ. ಗಣೇಶೋತ್ಸವದ ವರ್ಗಣಿ ಹತ್ತು ದಿನ ಅವರ ಕಪಾಟಿನಲ್ಲಿರುತ್ತದೆ. ಪರರ ಹಣವನ್ನು ಮನೆಯ ಹಣದೊಡನೆ ಒಂದೇ ಲಕೋಟೆಯಲ್ಲಿ ಇಡಬಾರದು. ಹಾಲಿನವನಿಗೆ ಚಿಲ್ಲರೆಯಿಲ್ಲವೆಂದು ಅದರಿಂದ ನೂರು ತೆಗೆದು ‘ಆಮೇಲೆ ಹಾಕುತ್ತೇನೆ’ ಎಂದುಕೊಂಡ ಪ್ರಾಮಾಣಿಕರೂ ವಾರ್ಷಿಕ ಸಭೆಯಲ್ಲಿ ತಲೆತಗ್ಗಿಸಿದ್ದುಂಟು. ದಿನದ ಮೊತ್ತವನ್ನು ರಾತ್ರಿಯೇ ಬರೆದು ಕಾರ್ಯದರ್ಶಿಗೆ ತಿಳಿಸಿದರೆ ಕಳವಾದಾಗಲೂ ಎಷ್ಟು ಹೋಯಿತೆಂಬುದಕ್ಕೆ ಸಾಕ್ಷಿಯಿರುವುದು.

ಎರಡು ಮೂರು ದಿನಗಳ ಮಟ್ಟಿಗೆ ಮನೆಯಲ್ಲಿ ಇಡಲೇಬೇಕಾದಾಗ ಕಬ್ಬಿಣದ ಪೆಟ್ಟಿಗೆಯೇ ಬೇಕು. ಆದರೆ ಅದು ಗೋಡೆಗೋ ನೆಲಕ್ಕೋ ಒಳಗಿನಿಂದ ಬೋಲ್ಟು ಬಿಗಿದುದಾಗಿರಬೇಕು. ಬಿಡಿ ಪೆಟ್ಟಿಗೆಯು ಕಳ್ಳನಿಗೆ ಹಣವನ್ನು ಕಟ್ಟಿಕೊಟ್ಟಂತೆ. ಬಾಡಿಗೆಯ ಖೋಲಿಯಲ್ಲಿ ಗೋಡೆ ಕೊರೆಯಲು ಮಾಲಿಕನು ಒಪ್ಪದಿದ್ದರೆ ಟ್ರಂಕನ್ನು ಸರಪಳಿಯಿಂದ ಕಿಟಕಿಯ ಸರಳಿಗೆ ಬಂಧಿಸಬಹುದು, ಚಿಲಕದ ತಿರುಪುಗಳ ಬದಲು ತಲೆ ಬಡಿದ ರಿವೆಟು ಹಾಕಿಸಬಹುದು. ಅದರ ಖರ್ಚು ಒಂದು ಹೊತ್ತಿನ ಊಟದಷ್ಟು. ತೆಳು ತಗಡು ಬೆಂಕಿಯಿಂದ ಏನನ್ನೂ ಕಾಯದೆಂಬುದೂ ನೆನಪಿರಲಿ. ಒಳಗಿನ ಕಾಗದವು ಜ್ವಾಲೆ ತಾಗದೆಯೇ ಕರಿಕಾಗುತ್ತದೆ. ಹೋಟೆಲು ಮಾಲಿಕರು ಗಲ್ಲೆಯ ಹಣಕ್ಕೂ ಬ್ಯಾಂಕಿಗೆ ಒಯ್ಯುವ ಹಣಕ್ಕೂ ವಿಮೆ ಮಾಡಿಸಬಹುದು. ಆದರೆ ತಿಜೋರಿಯ ಕೀಲಿಯನ್ನು ಅಲ್ಲಿಯೇ ಮೇಜಿನ ಸೆಳೆಖಾನೆಯಲ್ಲಿ ಬಿಟ್ಟುಹೋದವನಿಗೆ ಆ ವಿಮೆಯ ಹಣ ಸಾಮಾನ್ಯವಾಗಿ ಸಿಗುವುದಿಲ್ಲ.

ಬ್ಯಾಂಕಿನ ಲಾಕರಿನಲ್ಲಿ ನೋಟುಗಳನ್ನಿಡುತ್ತೇವೆಂಬವರಿಗೆ: ಅದಕ್ಕೆ ಅನುಮತಿಯಿಲ್ಲ. ಒಡವೆಗೂ ಕಾಗದಪತ್ರಗಳಿಗೂ ಲಾಕರು, ನಗದಿಗೆ ಅಲ್ಲವೆಂದು ಹೊಸ ಕರಾರುಪತ್ರದಲ್ಲಿ ಬರೆದಿದೆ. 2023ರಲ್ಲಿ ಉತ್ತರಪ್ರದೇಶದ ಮೊರಾದಾಬಾದಿನಲ್ಲಿ ಮಗಳ ಮದುವೆಗೆಂದು ಲಾಕರಿನಲ್ಲಿಟ್ಟಿದ್ದ 18 ಲಕ್ಷ ರೂಪಾಯಿಯ ನೋಟುಗಳನ್ನು ಗೆದ್ದಲು ತಿಂದು ಮುಗಿಸಿತ್ತು.

ಬ್ಯಾಂಕು ಮುಳುಗಿದರೇನು ಗತಿ ಎಂಬ ಹೆದರಿಕೆ ಪುಣೆಯಲ್ಲಿ ನಿರಾಧಾರವಾದುದಲ್ಲ. 1912ರಲ್ಲಿ ಸ್ಥಾಪಿತವಾಗಿದ್ದ ಇಲ್ಲಿನ ರೂಪೀ ಸಹಕಾರಿ ಬ್ಯಾಂಕಿನ ಮೇಲೆ 2013ರಲ್ಲಿ ನಿರ್ಬಂಧಗಳು ಬಂದವು. 2022ರಲ್ಲಿ ರಿಸರ್ವ್ ಬ್ಯಾಂಕು ಅದರ ಪರವಾನಗಿಯನ್ನೇ ರದ್ದುಗೊಳಿಸಿತು. ನಡುವಿನ ವರ್ಷಗಳಲ್ಲಿ ಸ್ವಂತ ಹಣಕ್ಕಾಗಿ ಅಲೆದವರ ಪಾಡನ್ನು ಈ ನಗರವು ಬಲ್ಲದು. ಆದರೆ ಅಂತಹ ವಿಪತ್ತಿಗೆ ಠೇವಣಿ ವಿಮೆಯಿದೆ: 2020ರ ಫೆಬ್ರವರಿ 4ರಿಂದ ಒಂದೊಂದು ಬ್ಯಾಂಕಿನಲ್ಲಿ ಒಬ್ಬೊಬ್ಬ ಠೇವಣಿದಾರನಿಗೆ ಬಡ್ಡಿ ಸಹಿತ 5 ಲಕ್ಷ ರೂಪಾಯಿಯವರೆಗೆ. ಪತಸಂಸ್ಥೆಗಳಿಗೆ ಈ ವಿಮೆಯಿಲ್ಲವೆಂಬುದನ್ನು ಪಿಗ್ಮಿ ಕಟ್ಟುವವರು ಗಮನಿಸಬೇಕು. ಮನೆಯ ಟ್ರಂಕಿಗಂತೂ ಯಾರ ವಿಮೆಯೂ ಇಲ್ಲ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಯ ನೋಟುಗಳು ರದ್ದಾದಾಗ, ಕಳ್ಳನು ಮುಟ್ಟದಿದ್ದ ಟ್ರಂಕುಗಳನ್ನೂ ಹೊತ್ತು ಜನ ಬ್ಯಾಂಕಿಗೆ ಓಡಬೇಕಾಯಿತಲ್ಲ!

ಈ ಊರಿನಲ್ಲಿ ನೀರಿನ ಭಯವೂ ಉಂಟು. 1961ರ ಜುಲೈ 12ರ ಬೆಳಿಗ್ಗೆ ಪಾನಶೇತದ ಮಣ್ಣಿನ ಅಣೆಕಟ್ಟು ಒಡೆಯಿತು. ಆ ನೀರಿನ ಹೊಡೆತಕ್ಕೆ ಖಡಕವಾಸ್ಲಾ ಅಣೆಯೂ ಬಿರಿಯಿತು. ಮುಠಾ ನದಿಯು ಶನಿವಾರ, ನಾರಾಯಣ ಮೊದಲಾದ ಪೇಟೆಗಳಿಗೂ ಡೆಕ್ಕನ್ ಜಿಮಖಾನಾಕ್ಕೂ ನುಗ್ಗಿತು. ಉಟ್ಟ ಬಟ್ಟೆಯಲ್ಲಿ ಓಡಿದವರಿಗೆ ಪೆಟ್ಟಿಗೆ ತೆಗೆಯಲು ಎಲ್ಲಿಯ ವೇಳೆ! ಅದು ಹಳೆಯ ಮಾತೆನ್ನುವವರು 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ್ ಓಢಾ ಉಕ್ಕಿದುದನ್ನೂ 2024ರ ಜುಲೈ 25ರಂದು ಸಿಂಹಗಡ ರಸ್ತೆಯ ಏಕತಾ ನಗರಿ ಮುಳುಗಿದುದನ್ನೂ ನೆನೆಯಬೇಕು. ಹಳ್ಳದ, ಹೊಳೆಯ ಬದಿಯಲ್ಲಿರುವವರು ಮಳೆಗಾಲದಲ್ಲಿ ಹಣವನ್ನು ನೆಲದ ಮಟ್ಟದಲ್ಲಿ ಇಡಬಾರದು. ಬಾಯಿ ಬಿಗಿದ ಪ್ಲಾಸ್ಟಿಕ್ ಚೀಲದಲ್ಲಿ ಪಾಸುಪುಸ್ತಕ, ಆಧಾರದೊಡನೆ ಎತ್ತರದಲ್ಲಿಟ್ಟರೆ ಒಂದೇ ಕೈಯಲ್ಲಿ ಎತ್ತಿಕೊಂಡು ಹೊರಡಬಹುದು.

ನೋಟು ನೆನೆದರೆ ಗಾಬರಿ ಬೇಡ. ನಮ್ಮ ನೋಟಿನ ಕಾಗದವು ಹತ್ತಿಯದು; ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರವಿ ನೆರಳಿನಲ್ಲಿ ಆರಿಸಿದರೆ ಬಹುಮಟ್ಟಿಗೆ ಉಳಿಯುತ್ತದೆ. ಹರಿದ ನೋಟನ್ನು ಯಾವ ಬ್ಯಾಂಕಿನ ಶಾಖೆಯಲ್ಲಿಯೂ ಬದಲಾಯಿಸಿಕೊಳ್ಳಬಹುದು, ಅಲ್ಲಿ ಖಾತೆಯಿರಲೇಬೇಕೆಂದಿಲ್ಲ. 50 ರೂಪಾಯಿ ಮತ್ತು ಮೇಲಿನ ನೋಟಿನ ಅತಿ ದೊಡ್ಡ ತುಂಡು ನೂರಕ್ಕೆ 80ಕ್ಕಿಂತ ಹೆಚ್ಚಿದ್ದರೆ ಪೂರ್ಣ ಬೆಲೆ, 40ರಿಂದ 80ರ ನಡುವೆ ಇದ್ದರೆ ಅರ್ಧ, ಅದಕ್ಕೂ ಕಡಿಮೆಯಾದರೆ ಏನೂ ಇಲ್ಲ. 20 ರೂಪಾಯಿ ಮತ್ತು ಕೆಳಗಿನವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗವಿದ್ದರೆ ಪೂರ್ಣ ಬೆಲೆ ಸಿಗುತ್ತದೆ. ಸುಟ್ಟು ಕರಿಕಾದ, ಇಲ್ಲವೆ ಬಿಡಿಸಲಾಗದಂತೆ ಅಂಟಿಕೊಂಡ ನೋಟುಗಳನ್ನು ಮಾತ್ರ ಶಾಖೆಯವರು ತೆಗೆದುಕೊಳ್ಳುವುದಿಲ್ಲ. ಅವುಗಳನ್ನು ರಿಸರ್ವ್ ಬ್ಯಾಂಕಿನ ಕಚೇರಿಗೇ ಒಯ್ಯಬೇಕು. ಪುಣೆಯವರಿಗೆ ಅದು ಮುಂಬಯಿ ಪ್ರಯಾಣ. ಬೆಳಗಿನ ಡೆಕ್ಕನ್ ಕ್ವೀನ್ ಹಿಡಿಯುವ ಮುನ್ನ ಆ ಕಟ್ಟನ್ನು ಚಾಕುವಿನಿಂದ ಬಿಡಿಸಹೋಗದೆ, ಇದ್ದ ಸ್ಥಿತಿಯಲ್ಲಿಯೇ ಮೆತ್ತನೆಯ ಕಾಗದದಲ್ಲಿ ಸುತ್ತಿ ಗಟ್ಟಿ ಡಬ್ಬಿಯಲ್ಲಿಟ್ಟುಕೊಳ್ಳಬೇಕು.