ಬೇಸಿಗೇಲಿ ಕೋಳಿ ಕಣ್ಣಿಗೆ ನುಗ್ಗೆಸೊಪ್ಪು

ಬೇಸಿಗೇಲಿ ಹೊಲ ಒಣಗಿದರೆ ಬಿಟ್ಟು ಮೇಯಿಸುವ ನಾಟಿ ಕೋಳಿಗೂ ಹಸಿರು ಸಿಗುವುದಿಲ್ಲ. ನಾವು ಹಾಕುವುದು ಬಿಳಿಜೋಳ, ನುಚ್ಚಕ್ಕಿ. ಹೊಟ್ಟೆ ತುಂಬುತ್ತದೆ, ಆದರೆ ಇವೆರಡರಲ್ಲೂ ವಿಟಮಿನ್ ಎ ಇಲ್ಲವೆಂದೇ ಹೇಳಬೇಕು. ತಿಂಗಳುಗಟ್ಟಲೆ ಹೀಗೇ ಆದರೆ ಕಣ್ಣಲ್ಲಿ ನೀರು ಸುರಿದು ರೆಪ್ಪೆ ಅಂಟುತ್ತದೆ, ಒಳಗೆ ಗಿಣ್ಣಿನಂಥ ಬಿಳಿ ಗಟ್ಟಿ ಕೂರುತ್ತದೆ. ಮೊಟ್ಟೆಯೂ ಕಮ್ಮಿ.

ಇದಕ್ಕೆ ಹಿತ್ತಲ ನುಗ್ಗೆ ಸಾಕು. ದಿನಾ ಒಂದು ಹಿಡಿ ಸೊಪ್ಪು ಕೋಳಿಗೆ ಎಟುಕುವಂತೆ ಕಟ್ಟಿ. ನೆಲಕ್ಕೆ ಹಾಕಿದರೆ ತುಳಿದು ಹಾಳು ಮಾಡ್ತಾವೆ. ಒಣಗಿಸಿ ಇಡುವುದಾದರೆ ನೆರಳಲ್ಲೇ ಒಣಗಿಸಿ. ಬಿಸಿಲಿಗೆ ಹಾಕಿದರೆ ಸತ್ವ ಬಹಳ ಹೋಗುತ್ತದೆ. ಹರಿವೆ, ಹಳದಿ ಮುಸುಕಿನ ಜೋಳವೂ ಆದೀತು, ಬಿಳಿಯದು ಬೇಡ.

ನೆಗಡಿ ರೋಗ, ಸಿಡುಬಿನಲ್ಲೂ ಕಣ್ಣು ಊದುತ್ತದೆ. ಒಂದರಿಂದ ಇನ್ನೊಂದಕ್ಕೆ ಬೇಗ ಹಬ್ಬುತ್ತಿದ್ದರೆ ಸೊಪ್ಪು ನೆಚ್ಚಿ ಕೂರದೆ ಆ ಕೋಳಿಗಳನ್ನು ಬೇರೆ ಮಾಡಿ, ಪಶು ಡಾಕ್ಟರಿಗೆ ತೋರಿಸಿ.