ಇಪ್ಪತ್ತರಲ್ಲಿ ಹನ್ನೆರಡೇ ಮೊಳೆತರೆ ಬೀಜ ಕೆಟ್ಟಿದೆಯೇ?

ಪ್ರಮಾಣೀಕೃತ ಭತ್ತದ ಬೀಜದಲ್ಲಿ ಕನಿಷ್ಠ ಶೇ. 80ರಷ್ಟು ಮೊಳೆಯಬೇಕೆಂಬ ನಿಯಮ ನಮ್ಮ ದೇಶದಲ್ಲಿದೆ. ಚೀಲದಿಂದ 20 ಕಾಳು ತೆಗೆದು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟಿದ್ದೀರಿ ಎನ್ನಿ. ಬಿಚ್ಚಿ ನೋಡಿದರೆ ಮೊಳೆತದ್ದು 12. ಲೆಕ್ಕದಂತೆ 16 ಇರಬೇಕಿತ್ತು. ಈ ನಾಲ್ಕು ಕಾಳಿನ ಕೊರತೆ ಆಕಸ್ಮಿಕವೋ, ಬೀಜದ ದೋಷವೋ?

ಎಕ್ಸೆಲ್, ಗೂಗಲ್ ಶೀಟ್ಸ್, ಲಿಬ್ರೆಆಫೀಸ್ ಮೂರರಲ್ಲೂ ಇದಕ್ಕೊಂದು ಫಂಕ್ಷನ್ ಇದೆ: ಬೈನಾಮ್.ಡಿಸ್ಟ್. ಸಮ ಚಿಹ್ನೆ ಹಾಕಿ ಇಂಗ್ಲಿಷ್ ಅಕ್ಷರದಲ್ಲಿ ಬಿ, ಐ, ಎನ್ ಒತ್ತಿದರೆ ಹೆಸರು ತಾನೇ ಪಟ್ಟಿಯಲ್ಲಿ ಕಾಣಿಸುತ್ತದೆ. ಆವರಣದೊಳಗೆ ಅದು ಕೇಳುವುದು ನಾಲ್ಕು ಸಂಖ್ಯೆ: ಮೊಳೆತದ್ದೆಷ್ಟು, ಒಟ್ಟು ಎಷ್ಟು, ಒಂದು ಕಾಳು ಮೊಳೆಯುವ ಸಂಭವವೆಷ್ಟು, ಕೊನೆಗೊಂದು 0 ಅಥವಾ 1. ಸಂಭವವನ್ನು 0.8 ಎಂದೋ 80% ಎಂದೋ ಬರೆಯಿರಿ. ಬರೀ 80 ಎಂದರೆ ದೋಷದ ಸಂದೇಶ ಬರುತ್ತದೆ.

ಎಡವುವುದೆಲ್ಲ ಆ ಕೊನೆಯ ಅಂಕಿಯಲ್ಲಿ. 0 ಎಂದರೆ 'ಸರಿಯಾಗಿ ಇಷ್ಟೇ'. 1 ಎಂದರೆ 'ಇಷ್ಟು ಅಥವಾ ಇದಕ್ಕಿಂತ ಕಡಿಮೆ'.

=ಬೈನಾಮ್.ಡಿಸ್ಟ್(16, 20, 0.8, 0)

ಇದರ ಉತ್ತರ ಸುಮಾರು 0.22. ಅಂದರೆ ಬೀಜ ಹೇಳಿದಷ್ಟೇ ಚೆನ್ನಾಗಿದ್ದರೂ ಕರಾರುವಾಕ್ಕಾಗಿ 16 ಮೊಳೆಯುವುದು ಐದು ಸಲಕ್ಕೆ ಹೆಚ್ಚುಕಡಿಮೆ ಒಂದೇ ಸಲ. ಹಾಗಾಗಿ 15 ಬಂತು, 14 ಬಂತು ಎಂದು ಅಂಗಡಿಯವರ ಮೇಲೆ ರೇಗುವುದರಲ್ಲಿ ಅರ್ಥವಿಲ್ಲ.

ನಮ್ಮ ಪ್ರಶ್ನೆಗೆ ಬೇಕಾದದ್ದು ಎರಡನೆಯ ಬಗೆ. 12 ಬಂದಾಗ ದೂರುವವರು 11 ಬಂದರೂ 10 ಬಂದರೂ ದೂರುತ್ತಿದ್ದರು. ಅವನ್ನೆಲ್ಲ ಒಟ್ಟಿಗೆ ಕೂಡಬೇಕು.

=ಬೈನಾಮ್.ಡಿಸ್ಟ್(12, 20, 0.8, 1)

ಉತ್ತರ 0.032, ನೂರಕ್ಕೆ ಮೂರು. ಅನುಮಾನ ಪಡಲು ಇದು ಸಾಕು. ಆದರೆ ಇದನ್ನು 'ಬೀಜ ಚೆನ್ನಾಗಿರುವ ಸಾಧ್ಯತೆ ಶೇ. 3' ಎಂದು ಓದಬಾರದು. ಬೀಜ ನಿಜಕ್ಕೂ ಶೇ. 80ರದ್ದೇ ಆಗಿದ್ದರೆ ಇಷ್ಟು ಕಳಪೆ ಫಲ ಬರುವ ಸಾಧ್ಯತೆ ಅದು. ಓದುಬರಹ ಬಲ್ಲವರೂ ಇವೆರಡನ್ನು ಕಲಸಿಬಿಡುತ್ತಾರೆ.

'ಕನಿಷ್ಠ 16' ಬೇಕಿದ್ದರೆ 1ರಿಂದ ಕಳೆಯಬೇಕು, ಅದೂ 16ರದ್ದನ್ನಲ್ಲ, 15ರದ್ದನ್ನು. ಉತ್ತರ 0.63. ಮರೆತು 16 ಎಂದೇ ಹಾಕಿದರೆ 0.41 ಬರುತ್ತದೆ, ಮೇಲೆ ಕಂಡ 0.22 ಸದ್ದಿಲ್ಲದೆ ಸೋರಿಹೋಗಿರುತ್ತದೆ, ದೋಷದ ಸಂದೇಶವೂ ಇರುವುದಿಲ್ಲ.

ಇನ್ನು, 20ರ ಬದಲು 100 ಕಾಳು ಇಟ್ಟು 60 ಮೊಳೆತರೆ? ಪ್ರಮಾಣ ಅದೇ ಶೇ. 60. ಆದರೆ ಸಂಭವ ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆಗೆ ಇಳಿಯುತ್ತದೆ. ಸೆಲ್‌ನಲ್ಲಿ 3.6ರಂಥ ದೊಡ್ಡ ಅಂಕಿ ಕಂಡು ಮೋಸಹೋಗಬೇಡಿ, ಅದರ ಹಿಂದೆ ಇ-06 ಎಂಬ ಬಾಲವಿರುತ್ತದೆ: ಹತ್ತು ಲಕ್ಷದಿಂದ ಭಾಗಿಸಿ ಎಂದರ್ಥ. ಇಲ್ಲಿ ಬೀಜವನ್ನು ವಾಪಸು ಕೊಡಲು ಹಿಂಜರಿಯಬೇಕಿಲ್ಲ.

ಆದರೆ ಒಂದು ಕಾಳಿನ ಗತಿ ಇನ್ನೊಂದನ್ನು ತಟ್ಟಬಾರದು, ಈ ಲೆಕ್ಕ ನಿಂತಿರುವುದೇ ಅದರ ಮೇಲೆ. ಗೋಣಿತಾಟಿನ ಒಂದು ಮೂಲೆ ಒಣಗಿದ್ದರೆ, ಬೂಷ್ಟು ಒಂದರಿಂದೊಂದಕ್ಕೆ ಹರಡಿದ್ದರೆ 0.032 ಎಂಬ ಉತ್ತರಕ್ಕೆ ಬೆಲೆಯಿಲ್ಲ. ಕಾಳುಗಳನ್ನು ಚೀಲದ ಮೇಲೆ, ನಡುವೆ, ತಳದಲ್ಲಿ ಕೈಹಾಕಿ ತೆಗೆಯಿರಿ, ಬಿಡಿಬಿಡಿಯಾಗಿ ಹರಡಿ ಸುತ್ತಿಡಿ. ಫಂಕ್ಷನ್ ಬರೆಯುವುದು ಆಮೇಲಿನ ಕೆಲಸ.