ನಿಂತ ಜೀಪು ಮತ್ತೆ ಓಡುವ ಮುನ್ನ

ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಹಳೆಯ ಮನೆಗಳ ಪಕ್ಕದಲ್ಲಿ ವಾಹನ ನಿಲ್ಲಿಸುವ ಷೆಡ್ಡುಗಳನ್ನು ನೀವು ನೋಡಿರಬಹುದು. ಅಂಥ ಕೆಲವು ಷೆಡ್ಡುಗಳಲ್ಲಿ ಹರಿದ ಟಾರ್ಪಾಲಿನ್ ಹೊದ್ದು, ಗಾಳಿ ಇಳಿದ ಟೈರುಗಳ ಮೇಲೆ ಕುಳಿತ ಜೀಪೊಂದು ಇರುತ್ತದೆ. ತೋಟದ ಓಡಾಟಕ್ಕೆ ತಂದದ್ದೋ, ಸರ್ಕಾರಿ ಹರಾಜಿನಲ್ಲಿ ಕೊಂಡದ್ದೋ ಇರಬಹುದು. ಕೇಳಿದರೆ ಮನೆಯವರು, 'ನಿಲ್ಲಿಸಿದಾಗ ಚೆನ್ನಾಗಿಯೇ ಓಡುತ್ತಿತ್ತು, ಆಮೇಲೆ ಯಾರೂ ಮುಟ್ಟಿಲ್ಲ. ಹೊಸ ಬ್ಯಾಟರಿ ಹಾಕಿದರೆ ಹೊರಡುತ್ತದೆ' ಎನ್ನುತ್ತಾರೆ.

ಈ ಮಾತಿನಲ್ಲಿ ಎರಡು ತಪ್ಪು ಕಲ್ಪನೆಗಳಿವೆ. ಯಾರೂ ಮುಟ್ಟದ ಯಂತ್ರ ಇದ್ದ ಹಾಗೆಯೇ ಇರುತ್ತದೆ ಎಂಬುದು ಮೊದಲನೆಯದು. ದುರಸ್ತಿಯ ಮೊದಲ ಕೆಲಸ ಎಂಜಿನ್ನನ್ನು ಓಡಿಸುವುದು ಎಂಬುದು ಎರಡನೆಯದು. ಇವೆರಡೂ ಏಕೆ ತಪ್ಪು ಎಂಬುದನ್ನು ಪ್ರೌಢಶಾಲೆ ಹಾಗೂ ಪದವಿಪೂರ್ವ ತರಗತಿಗಳ ಭೌತಶಾಸ್ತ್ರ, ರಸಾಯನಶಾಸ್ತ್ರಗಳೇ ಹೇಳಬಲ್ಲವು.

ಯಾವುದು ಈ ಜೀಪು?

ಅಮೆರಿಕದ ವಿಲ್ಲಿಸ್ ಜೀಪನ್ನು ಭಾರತದಲ್ಲಿ ಜೋಡಿಸುವ ಕೆಲಸವನ್ನು ಮಹೀಂದ್ರ ಕಂಪನಿ 1947ರಲ್ಲಿ ಆರಂಭಿಸಿತು. ಮುಂದೆ ಸಿಜೆ-3ಬಿ ಎಂಬ ಮಾದರಿ ಇಲ್ಲಿ ದಶಕಗಳ ಕಾಲ ತಯಾರಾಯಿತು. ಎತ್ತರದ ಬಾನೆಟ್ಟೇ ಇದರ ಗುರುತು. ಇದರ ಪೆಟ್ರೋಲ್ ಎಂಜಿನ್ನಿನಲ್ಲಿ ಒಳಸೇರಿಸುವ ವಾಲ್ವ್‌ಗಳು ಸಿಲಿಂಡರಿನ ತಲೆಯ ಮೇಲೆ, ಹೊಗೆ ಹೊರಬಿಡುವ ವಾಲ್ವ್‌ಗಳು ಪಕ್ಕದ ಬ್ಲಾಕಿನಲ್ಲಿ ಇವೆ. ಇದರಿಂದ ಎಂಜಿನ್ನಿನ ಎತ್ತರ ಹೆಚ್ಚಿತು, ಬಾನೆಟ್ಟನ್ನೂ ಎತ್ತರಿಸಬೇಕಾಯಿತು.

ನಾಲ್ಕು ಸಿಲಿಂಡರುಗಳು; ಪ್ರತಿಯೊಂದರ ಒಳವ್ಯಾಸ 79.4 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರ 111.1 ಮಿಲಿಮೀಟರ್. ಇಷ್ಟರಿಂದಲೇ ಎಂಜಿನ್ನಿನ ಗಾತ್ರ ಸುಮಾರು 2200 ಘನ ಸೆಂಟಿಮೀಟರ್ ಎಂಬುದನ್ನು ವಿದ್ಯಾರ್ಥಿಗಳು ಲೆಕ್ಕ ಹಾಕಬಹುದು. ಇದರಲ್ಲಿ ಕಂಪ್ಯೂಟರಿಲ್ಲ, ಸಂವೇದಕಗಳಿಲ್ಲ. ಎಲ್ಲವೂ ಕಣ್ಣಿಗೆ ಕಾಣುವಂಥವು, ಸ್ಪ್ಯಾನರಿಗೆ ಸಿಗುವಂಥವು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಾಲಯ ಸಿಗುವುದು ಕಷ್ಟ.

ನಿಂತಲ್ಲೇ ನಡೆಯುವ ಕ್ರಿಯೆಗಳು

ಕಬ್ಬಿಣ ತುಕ್ಕು ಹಿಡಿಯಲು ನೀರು ಮತ್ತು ಆಕ್ಸಿಜನ್ ಎರಡೂ ಬೇಕು. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 60 ದಾಟಿದರೆ ಲೋಹದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರ ಕೂರುತ್ತದೆ; ತುಕ್ಕಿಗೆ ಅಷ್ಟು ಸಾಕು. ಓಡುವ ಎಂಜಿನ್ನಿನಲ್ಲಿ ಎಣ್ಣೆಯ ಪದರ ಲೋಹವನ್ನು ಕಾಯುತ್ತದೆ, ಬಿಸಿ ತೇವವನ್ನು ಓಡಿಸುತ್ತದೆ. ನಿಂತ ಎಂಜಿನ್ನಿನಲ್ಲಿ ಎಣ್ಣೆ ನಿಧಾನವಾಗಿ ಕೆಳಗಿಳಿದುಹೋಗುತ್ತದೆ. ಅಷ್ಟೇ ಅಲ್ಲ, ನಾಲ್ಕು ಸಿಲಿಂಡರಿನ ಎಂಜಿನ್ ಯಾವ ಸ್ಥಿತಿಯಲ್ಲಿ ನಿಂತರೂ ಕೆಲವು ವಾಲ್ವ್‌ಗಳು ತೆರೆದೇ ಇರುತ್ತವೆ. ಸೈಲೆನ್ಸರಿನ ಮೂಲಕ ಮಳೆಗಾಲದ ತೇವದ ಗಾಳಿ ನೇರವಾಗಿ ಒಳಗೆ ಬರುತ್ತದೆ.

ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ನೀರಿಲ್ಲದ ಫೆರಿಕ್ ಆಕ್ಸೈಡೇ ಮೂಲ ಕಬ್ಬಿಣದ ಎರಡು ಪಟ್ಟಿಗಿಂತ ಹೆಚ್ಚು ಗಾತ್ರದ್ದು. ನೀರಿನಂಶ ಸೇರಿದ ತುಕ್ಕು ಇನ್ನೂ ದೊಡ್ಡದು. ಪಿಸ್ಟನ್ ರಿಂಗಿಗೂ ಸಿಲಿಂಡರ್ ಗೋಡೆಗೂ ನಡುವೆ ಇರುವುದು ಕೂದಲೆಳೆಗಿಂತ ಕಡಿಮೆ ಜಾಗ. ಅಲ್ಲಿ ಬೆಳೆದ ತುಕ್ಕು ಬೆಣೆಯಂತೆ ಕೆಲಸ ಮಾಡುತ್ತದೆ. ಮೆಕ್ಯಾನಿಕ್‌ಗಳು 'ಎಂಜಿನ್ ಜಾಮ್ ಆಗಿದೆ' ಎನ್ನುವುದು ಇದಕ್ಕೇ.

ಜಾಮ್ ಬಿಡಿಸುವುದು

ಜೆ.ಪಿ. ನಗರದ ಪರಿಚಿತರೊಬ್ಬರ ಷೆಡ್ಡಿನಲ್ಲಿ ಬಹುಕಾಲ ನಿಂತಿದ್ದ ಇಂಥದೊಂದು ಜೀಪಿನ ಕೆಲಸವನ್ನು ಕೆಲವು ವಿದ್ಯಾರ್ಥಿಗಳೊಡನೆ ನಾನು ಹತ್ತಿರದಿಂದ ನೋಡಿದ್ದೇನೆ. ಅದರ ಎಂಜಿನ್ ಕೂದಲಿನಷ್ಟೂ ಅಲುಗಾಡುತ್ತಿರಲಿಲ್ಲ. ಹೊಸ ಬ್ಯಾಟರಿ ಹಾಕಿ ಸ್ಟಾರ್ಟರ್ ಒತ್ತಿದ್ದರೆ ಏನಾಗುತ್ತಿತ್ತು? ತಿರುಗಲಾರದ ಮೋಟಾರು ಭಾರಿ ವಿದ್ಯುತ್ ಎಳೆದು ಸುಡಬಹುದು. ಅಥವಾ ಎಂಜಿನ್ ತಿರುಗಿಯೇಬಿಟ್ಟರೆ ತುಕ್ಕಿನ ಕಣಗಳು ಉಪ್ಪುಕಾಗದದಂತೆ ಸಿಲಿಂಡರಿನ ನುಣುಪು ಗೋಡೆಯನ್ನು ಗೀರುತ್ತವೆ, ರಿಂಗುಗಳು ತುಂಡಾಗುತ್ತವೆ.

ಸರಿಯಾದ ಮದ್ದು ತಾಳ್ಮೆ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಪ್ರತಿ ಸಿಲಿಂಡರಿಗೂ ತೆಳುವಾದ ಎಣ್ಣೆ ಸುರಿಯಬೇಕು. ಸಂದಿನೊಳಕ್ಕೆ ಎಣ್ಣೆಯನ್ನು ಎಳೆಯುವುದು ಲೋಮನಾಳ ಕ್ರಿಯೆ. ಮೇಲ್ಮೈ ಕರ್ಷಣ ಎಣ್ಣೆಯನ್ನು ಒಳಗೆಳೆದರೆ ಸ್ನಿಗ್ಧತೆ ತಡೆಯುತ್ತದೆ. ಇಳಿದ ದೂರ ಹೆಚ್ಚಿದಂತೆ ತಡೆಯೂ ಹೆಚ್ಚುವುದರಿಂದ ದೂರವು ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಅಂದರೆ ಒಂದು ದಿನದಲ್ಲಿ ಎಣ್ಣೆ ಒಂದು ಮಿಲಿಮೀಟರ್ ಇಳಿದರೆ ಎರಡು ಮಿಲಿಮೀಟರಿಗೆ ನಾಲ್ಕು ದಿನ, ಮೂರಕ್ಕೆ ಒಂಬತ್ತು ದಿನ. ದಪ್ಪ ಎಂಜಿನ್ ಆಯಿಲ್ ಬದಲು ತೆಳು ಎಣ್ಣೆಯನ್ನು ಏಕೆ ಆರಿಸುತ್ತಾರೆ, 'ನೆನೆಯಲು ಬಿಡಿ' ಎಂದು ಹಿರಿಯ ಮೆಕ್ಯಾನಿಕ್‌ಗಳು ಏಕೆ ಹೇಳುತ್ತಾರೆ ಎಂಬುದಕ್ಕೆ ಈ ಸೂತ್ರವೇ ಉತ್ತರ.

ಆಮೇಲೆ ಮುಂದಿನ ಬಂಪರಿನ ರಂಧ್ರದಿಂದ ಹ್ಯಾಂಡಲ್ ಹಾಕಿ ಕೈಯಿಂದಲೇ ತಿರುಗಿಸಲು ಯತ್ನಿಸಬೇಕು. ಒಂದೇ ದಿಕ್ಕಿಗೆ ಬಲ ಹಾಕದೆ ಹಿಂದೆ ಮುಂದೆ ಸ್ವಲ್ಪ ಸ್ವಲ್ಪ ಅಲುಗಿಸಿದರೆ ತುಕ್ಕು ಪುಡಿಯಾಗಿ ಎಣ್ಣೆಗೆ ದಾರಿ ಆಗುತ್ತದೆ. ಹಿಂದಕ್ಕೆ ತಿರುಗಿಸಲು ಹ್ಯಾಂಡಲಿನ ಬದಲು ಫ್ಲೈವೀಲ್ ಹಿಡಿಯಬೇಕಾಗುತ್ತದೆ. ಕೈಗೆ ತಿಳಿಯುವ ಪ್ರತಿರೋಧ ಸ್ಟಾರ್ಟರ್ ಮೋಟಾರಿಗೆ ತಿಳಿಯುವುದಿಲ್ಲ. ನಾವು ನೋಡಿದ ಎಂಜಿನ್ ಅಲುಗಿದ್ದು ಎರಡನೆಯ ವಾರದಲ್ಲಿ.

ಒತ್ತಡ ಏನು ಹೇಳುತ್ತದೆ?

ಎಂಜಿನ್ ಸರಾಗವಾಗಿ ತಿರುಗತೊಡಗಿದ ಮೇಲೆ, ಬ್ಯಾಟರಿ ಜೋಡಿಸಿ ಸ್ಟಾರ್ಟರಿನಿಂದ ತಿರುಗಿಸುತ್ತಾ ಪ್ಲಗ್ ರಂಧ್ರಕ್ಕೆ ಒತ್ತಡಮಾಪಕ ಹಿಡಿದು ಪ್ರತಿ ಸಿಲಿಂಡರಿನ ಸಂಪೀಡನ ಒತ್ತಡವನ್ನು ಅಳೆಯಬೇಕು. ಈ ಎಂಜಿನ್ನಿನ ಸಂಪೀಡನ ಅನುಪಾತ ಏಳರ ಆಸುಪಾಸು. ಗಾಳಿಯನ್ನು ಏಳರಲ್ಲಿ ಒಂದು ಪಾಲಿಗೆ ಒತ್ತಿದರೆ ಒತ್ತಡ ಏಳು ಪಟ್ಟಲ್ಲ, ಅದಕ್ಕಿಂತ ಹೆಚ್ಚಾಗುತ್ತದೆ. ಏಕೆಂದರೆ ಗಾಳಿ ಬಿಸಿಯೂ ಆಗುತ್ತದೆ. ಘಾತಾಂಕ 1.3 ಎಂದುಕೊಂಡರೆ ಅದು 12.5 ಪಟ್ಟು. ಉಷ್ಣನಷ್ಟ, ವಾಲ್ವ್ ತಡವಾಗಿ ಮುಚ್ಚುವುದು ಮುಂತಾದ ಕಾರಣಗಳಿಂದ ಮಾಪಕ ತೋರಿಸುವುದು ಇದಕ್ಕಿಂತ ಕಡಿಮೆ.

ಇಲ್ಲಿ ಬೆಂಗಳೂರಿನವರು ನೆನಪಿಡಬೇಕಾದ ಅಂಶವೊಂದಿದೆ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ವಾಯುಒತ್ತಡ ಚೆನ್ನೈ ಅಥವಾ ಮಂಗಳೂರಿಗಿಂತ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ; ಸಂಪೀಡನ ಒತ್ತಡವೂ ಅದೇ ಪ್ರಮಾಣದಲ್ಲಿ ಕಡಿಮೆ. ಕೈಪಿಡಿಯ ಅಂಕಿಗೆ ಇಷ್ಟು ಕೊರತೆ ಬಂದರೆ ಎಂಜಿನ್ ಸವೆದಿದೆ ಎಂದು ತೀರ್ಮಾನಿಸಬೇಕಾಗಿಲ್ಲ. ನಾಲ್ಕು ಸಿಲಿಂಡರುಗಳ ನಡುವಿನ ವ್ಯತ್ಯಾಸವೇ ಮುಖ್ಯ.

ನಮ್ಮ ಜೀಪಿನ ಮೂರು ಸಿಲಿಂಡರುಗಳು 7.3ರಿಂದ 7.5 ಬಾರ್ ತೋರಿಸಿದವು. ಒಂದು ಮಾತ್ರ 4.8. ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಲಾಯಿತು. ಸೋರಿಕೆ ರಿಂಗುಗಳಲ್ಲಿದ್ದರೆ ಎಣ್ಣೆ ಸಂದು ಮುಚ್ಚಿ ಒತ್ತಡ ಏರಬೇಕು. ಏರಲಿಲ್ಲ. ಹಾಗಾದರೆ ದೋಷ ವಾಲ್ವಿನದು, ಇಲ್ಲವೇ ಹೆಡ್ ಗ್ಯಾಸ್ಕೆಟ್ಟಿನದು. ಬಿಚ್ಚಿ ನೋಡಿದಾಗ ಹೊಗೆ ಬಿಡುವ ವಾಲ್ವ್ ಕೂರುವ ಅಂಚು ತುಕ್ಕು ತಿಂದಿತ್ತು. ವಾಲ್ವ್ ಉಜ್ಜಿ ಕೂರಿಸಿದ್ದರಲ್ಲೇ ಕೆಲಸ ಮುಗಿಯಿತು. ಇಡೀ ಎಂಜಿನ್ ಬೋರ್ ಮಾಡಿಸುವ ಖರ್ಚು ಉಳಿಯಿತು. ಒಂದು ಚಮಚ ಎಣ್ಣೆಯ ಪ್ರಯೋಗದ ಬೆಲೆ ಇಷ್ಟು.

ಓಡುವುದಕ್ಕಿಂತ ಮೊದಲು ನಿಲ್ಲುವುದು

ಎಂಜಿನ್ ಗುಡುಗಿದ ಕೂಡಲೇ 'ಒಂದು ರೌಂಡು ಹೋಗಿಬರೋಣ' ಎಂಬ ಆಸೆ ಸಹಜ. ಪ್ರಾಣಕ್ಕೆ ಕುತ್ತು ಬರುವುದು ಇಲ್ಲಿಯೇ. ಜೀಪು ಮತ್ತು ಪ್ರಯಾಣಿಕರು ಸೇರಿ 1200 ಕಿಲೋಗ್ರಾಂ, ವೇಗ ಗಂಟೆಗೆ 60 ಕಿಲೋಮೀಟರ್ ಎಂದುಕೊಳ್ಳಿ. ಚಲನಶಕ್ತಿ ಸುಮಾರು 1,67,000 ಜೂಲ್. ಅರ್ಧ ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಲು ಇಷ್ಟು ಸಾಕು. ಒಮ್ಮೆ ನಿಲ್ಲಿಸಿದಾಗ ಇದೆಲ್ಲ ಬ್ರೇಕುಗಳಲ್ಲಿ ಉಷ್ಣವಾಗಿ ಬದಲಾಗುತ್ತದೆ.

ಈಗ ಪಾಸ್ಕಲನ ನಿಯಮ ನೆನಪಿಸಿಕೊಳ್ಳಿ. ಪೆಡಲಿನ ಮೇಲೆ 300 ನ್ಯೂಟನ್ ಬಲ ಹಾಕಿ, ಸನ್ನೆಯ ತತ್ತ್ವದಿಂದ ಅದು ಐದು ಪಟ್ಟಾದರೆ 1500 ನ್ಯೂಟನ್. ಒಂದು ಅಂಗುಲ ವ್ಯಾಸದ ಪಿಸ್ಟನ್ನಿನ ಮೇಲೆ ಅದರಿಂದ ಸುಮಾರು 30 ಬಾರ್ ಒತ್ತಡ ಉಂಟಾಗುತ್ತದೆ. ದ್ರವ ಬಹುಮಟ್ಟಿಗೆ ಕುಗ್ಗದು, ಹಾಗಾಗಿ ಒತ್ತಡ ಚಕ್ರಗಳಿಗೆ ತಲುಪುತ್ತದೆ. ಆದರೆ ಕೊಳವೆಯಲ್ಲಿ ಗಾಳಿ ಅಥವಾ ಆವಿ ಇದ್ದರೆ ಅದು ಕುಗ್ಗಿ ಮೂವತ್ತರಲ್ಲಿ ಒಂದು ಪಾಲಾಗುತ್ತದೆ. ಪೆಡಲಿನ ಚಲನೆಯೆಲ್ಲ ಗುಳ್ಳೆಯನ್ನು ಹಿಂಡುವುದರಲ್ಲೇ ಕಳೆದು ಕಾಲು ನೆಲ ಮುಟ್ಟುತ್ತದೆ, ಜೀಪು ನಿಲ್ಲುವುದಿಲ್ಲ.

ಆವಿ ಬರುವುದು ಎಲ್ಲಿಂದ? ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ದ್ರವ. ಡಾಟ್-3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಶೇಕಡಾ 3.7ರಷ್ಟು ನೀರು ಸೇರಿದಾಗ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ವರ್ಷಗಟ್ಟಲೆ ನಿಂತ ಜೀಪಿನ ಆಯಿಲ್ ಇನ್ನೂ ಕೆಟ್ಟಿರಬಹುದು. ಆ ನೀರೇ ಚಕ್ರದ ಸಿಲಿಂಡರುಗಳನ್ನೂ ಉಕ್ಕಿನ ಕೊಳವೆಗಳನ್ನೂ ಒಳಗಿನಿಂದ ತಿಂದಿರುತ್ತದೆ. ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ದ್ರವಮಾರ್ಗ. ಒಂದು ಚಕ್ರದಲ್ಲಿ ಸೋರಿದರೆ ನಾಲ್ಕರ ಬ್ರೇಕೂ ಹೋದಂತೆ.

ಆದ್ದರಿಂದ ರಬ್ಬರ್ ಭಾಗಗಳು, ಕೊಳವೆಗಳು, ಆಯಿಲ್ ಎಲ್ಲವನ್ನೂ ಬದಲಿಸಿ, ಗಾಳಿ ತೆಗೆದು, ಪೆಡಲ್ ಗಟ್ಟಿಯಾಗಿ ನಿಂತ ಮೇಲೆಯೇ ಜೀಪು ಷೆಡ್ಡಿನಿಂದ ಹೊರಬರಬೇಕು. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು ಇರಬಹುದು. ಅದರ ದೂಳು ಶ್ವಾಸಕೋಶಕ್ಕೆ ಅಪಾಯಕಾರಿ. ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಇಂಧನದ ಲೆಕ್ಕ

ನಿಂತ ಪೆಟ್ರೋಲಿನ ಹಗುರ ಅಂಶಗಳು ಆವಿಯಾಗಿ, ಉಳಿದದ್ದು ಅಂಟಾಗುತ್ತದೆ. ಟ್ಯಾಂಕು ಖಾಲಿ ಮಾಡಿ ತೊಳೆಯಲೇಬೇಕು. ಹೊಸ ಪೆಟ್ರೋಲಿನ ಸಂಗತಿ ಬೇರೆ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಶೇಕಡಾ 20 ಮುಟ್ಟಿದೆ. ಎಥನಾಲ್ ಹಳೆಯ ರಬ್ಬರ್ ಕೊಳವೆಗಳನ್ನು ಉಬ್ಬಿಸುತ್ತದೆ, ನೀರನ್ನೂ ಹೀರುತ್ತದೆ. ಎಥನಾಲ್ ತಾಳುವ ಕೊಳವೆಗಳನ್ನೇ ಹಾಕಬೇಕು.

ಒಂದು ಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು 14.7 ಗ್ರಾಂ ಗಾಳಿ ಬೇಕು; ಎಥನಾಲಿಗೆ 9 ಗ್ರಾಂ ಸಾಕು. ಮಿಶ್ರಣಕ್ಕೆ ಸುಮಾರು 13.5. ಹಳೆಯ ಕಾರ್ಬ್ಯುರೇಟರ್ ಶುದ್ಧ ಪೆಟ್ರೋಲಿಗೆ ಹೊಂದಿಸಿದ್ದು. ಹಾಗಾಗಿ ಹೊಸ ಇಂಧನ ಶೇಕಡಾ 8ರಷ್ಟು ಸಾಲದೆ ಬರುತ್ತದೆ. ಆದರೆ ಬೆಂಗಳೂರಿನ ತೆಳು ಗಾಳಿಯಲ್ಲಿ ಬರ್ನೂಲಿ ತತ್ತ್ವದ ಪ್ರಕಾರ ಕಾರ್ಬ್ಯುರೇಟರ್ ಇಂಧನವನ್ನು ಶೇಕಡಾ 4-5ರಷ್ಟು ಹೆಚ್ಚಾಗಿ ಕೊಡುತ್ತದೆ. ಅರ್ಧಕ್ಕಿಂತ ಹೆಚ್ಚು ಕೊರತೆಯನ್ನು ನಮ್ಮ ಊರಿನ ಎತ್ತರವೇ ತುಂಬಿಕೊಡುತ್ತದೆ! ಉಳಿದದ್ದಕ್ಕೆ ಜೆಟ್ ಸರಿಪಡಿಸಬೇಕಾದೀತು.

ತರಗತಿಗೊಂದು ಪ್ರಯೋಗ

ತುಕ್ಕು ಹಿಡಿದ ಬ್ರಾಕೆಟ್ಟು, ಹಿಡಿಕೆಗಳನ್ನು ವಿದ್ಯುದ್ವಿಶ್ಲೇಷಣೆಯಿಂದ ಶುಚಿಗೊಳಿಸಬಹುದು. ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ಒಂದೆರಡು ಚಮಚ ವಾಷಿಂಗ್ ಸೋಡಾ ಕರಗಿಸಿ. ತುಕ್ಕಿನ ಭಾಗವನ್ನು 12 ವೋಲ್ಟ್ ಚಾರ್ಜರಿನ ಋಣ ತುದಿಗೂ, ಬೇಡವಾದ ಕಬ್ಬಿಣದ ತಗಡನ್ನು ಧನ ತುದಿಗೂ ಸೇರಿಸಿ. ಅವೆರಡೂ ಒಂದನ್ನೊಂದು ಮುಟ್ಟಬಾರದು. ಕೆಲವು ಗಂಟೆಗಳಲ್ಲಿ ತುಕ್ಕು ಸಡಿಲಗೊಂಡು ಬ್ರಷ್ಷಿಗೆ ಬಂದುಬಿಡುತ್ತದೆ. ಹೈಡ್ರೊಜನ್ ಹೊರಬರುವುದರಿಂದ ಬಯಲಿನಲ್ಲೇ ಮಾಡಿ. ಸ್ಟೇನ್‌ಲೆಸ್ ಸ್ಟೀಲ್ ತಗಡು ಬಳಸಬೇಡಿ. ವಿಷಕಾರಿ ಕ್ರೋಮಿಯಂ ಸಂಯುಕ್ತ ಉಂಟಾಗುತ್ತದೆ. ಅಡುಗೆ ಉಪ್ಪೂ ಬೇಡ, ಕ್ಲೋರಿನ್ ಬರುತ್ತದೆ. ಸ್ಪ್ರಿಂಗು, ಗಟ್ಟಿ ಉಕ್ಕಿನ ಬೋಲ್ಟುಗಳನ್ನು ಈ ವಿಧಾನಕ್ಕೆ ಒಡ್ಡಬಾರದು. ಹೈಡ್ರೊಜನ್ ಒಳಸೇರಿ ಅವು ಪೆಡಸಾಗುತ್ತವೆ.

ಷೆಡ್ಡಿನ ಶಿಸ್ತು

ಜಾಕ್ ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಇಟ್ಟಿಗೆ, ಟೊಳ್ಳು ಸಿಮೆಂಟ್ ಬ್ಲಾಕುಗಳು ಮುನ್ಸೂಚನೆಯಿಲ್ಲದೆ ಒಡೆಯುತ್ತವೆ. ಜೀಪಿನಡಿ ಹೋಗುವ ಮೊದಲು ಉಕ್ಕಿನ ಸ್ಟ್ಯಾಂಡುಗಳನ್ನು ಕೊಟ್ಟಿರಬೇಕು. ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಅದು ಹೀಮೊಗ್ಲೋಬಿನ್ನಿಗೆ ಆಕ್ಸಿಜನ್ನಿಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ.

ಕಾಗದಪತ್ರಗಳನ್ನೂ ಮರೆಯಬೇಡಿ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ; ತಪಾಸಣೆಯ ಬಳಿಕ ಐದೈದು ವರ್ಷಕ್ಕೆ ನವೀಕರಿಸಬೇಕು. 50 ವರ್ಷ ದಾಟಿದ, ಹೆಚ್ಚು ಮಾರ್ಪಡಿಸದ ವಾಹನಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮಗಳು ಬಂದಿವೆ. ಕೆಲಸಕ್ಕೆ ಕೈಹಾಕುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ನಿಮ್ಮ ಬೀದಿಯಲ್ಲೂ ಇಂಥ ಜೀಪೊಂದು ಇರಬಹುದು. ಮಾಲೀಕರು ಒಪ್ಪಿದರೆ ವಿದ್ಯಾರ್ಥಿಗಳನ್ನು ಕರೆದೊಯ್ಯಿರಿ. ಮೊದಲು ನೋಡಿ, ಆಮೇಲೆ ಅಳೆಯಿರಿ, ಆಮೇಲೆ ಬಿಚ್ಚಿ. ಬ್ರೇಕ್ ಸರಿಯಾದ ದಿನ ಮಾತ್ರ ಗೇಟು ತೆಗೆಯಿರಿ.